ಮನೆಯಂಗಳದ ಶಿಲೆಯೂ ಗೃಹಸ್ಥನ ವಿವೇಕವೂ

ಗೃಹಸ್ಥನು ಕೈಗೊಳ್ಳುವ ಆರಂಭಗಳಲ್ಲಿ ಮನೆ ಕಟ್ಟುವುದು ಬಹುಶಃ ಎಲ್ಲಕ್ಕಿಂತ ದೊಡ್ಡದು. ಮಣ್ಣು ಅಗೆಯಬೇಕು, ನೀರು ಸುರಿಯಬೇಕು, ಇಟ್ಟಿಗೆ ಸುಡಬೇಕು, ಮರ ಕೊಯ್ಯಬೇಕು, ಕಲ್ಲು ಒಡೆಯಬೇಕು. ಇಷ್ಟೆಲ್ಲ ಆದ ಮೇಲೆ ತಲೆಯ ಮೇಲೊಂದು ಸೂರು. ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಆದುದರಿಂದಲೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಗೃಹಸ್ಥನು ಸಂಪೂರ್ಣ ತ್ಯಜಿಸಬೇಕೆಂದೂ ಉಳಿದ ಮೂರರಲ್ಲಿ ಎಚ್ಚರದಿಂದಿದ್ದು ಆದಷ್ಟು ಕಡಿಮೆ ಮಾಡಿಕೊಳ್ಳಬೇಕೆಂದೂ ತಿಳಿಸಿದ್ದಾರೆ. ಮನೆಯ ಪಾಯಕ್ಕೆ ಹಾಕುವ ಕಲ್ಲು ಆರಂಭೀ ಹಿಂಸೆಗೆ ಸೇರುತ್ತದೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಮನೆ ಕಟ್ಟಿ ಮುಗಿದ ಮೇಲೆ, ಕೇವಲ ನೋಟದ ಅಂದಕ್ಕಾಗಿ ಅಂಗಳದಲ್ಲಿ ತಂದಿರಿಸುವ ಕಲ್ಲು ಯಾವ ವರ್ಗಕ್ಕೆ ಸೇರಬೇಕು?

ಈ ಪ್ರಶ್ನೆ ನನಗೆ ಗ್ರಂಥ ಓದುವಾಗ ಹುಟ್ಟಿದ್ದಲ್ಲ. ನನ್ನ ತಮ್ಮನು ತೋರಣಗಲ್ಲಿನಲ್ಲಿ ಉದ್ಯೋಗದಲ್ಲಿರುವವನು. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿರುವ ಗಾದಿಗನೂರಿನಲ್ಲಿ ಒಂದು ನಿವೇಶನ ಕೊಂಡು ಮನೆ ಕಟ್ಟಿಸಿದನು. ಮನೆ ಸಾಧಾರಣವಾದದ್ದೇ. ಮುಂದೆ ಮಾತ್ರ ಒಂದಿಷ್ಟು ವಿಶಾಲವಾದ ಅಂಗಳ ಉಳಿಯಿತು. ಬಳ್ಳಾರಿ ಸೀಮೆಯ ಬಿಸಿಲಿಗೆ ಹುಲ್ಲುಹಾಸು ನಿಲ್ಲುವುದಿಲ್ಲ, ನಿಲ್ಲಿಸಬೇಕಾದರೆ ದಿನವೂ ನೀರು ಸುರಿಯಬೇಕು. ಆದ್ದರಿಂದ ಹುಲ್ಲಿಗೆ ಬದಲು ಕಲ್ಲುಗಳಿಂದಲೇ ಅಂಗಳವನ್ನು ಸಿಂಗರಿಸೋಣವೆಂದು ತಮ್ಮನ ಮಗಳು ಸೂಚಿಸಿದಳು. ಅವಳು ವಾಸ್ತುಶಿಲ್ಪದ ವಿದ್ಯಾರ್ಥಿನಿ. ನೀರಿನ ಉಳಿತಾಯದ ದೃಷ್ಟಿಯಿಂದ ಅವಳ ಮಾತು ಯುಕ್ತವಾದದ್ದೇ ಆಗಿತ್ತು. ಕಲ್ಲು ಆರಿಸಲು ಜೊತೆಗೆ ಬರಬೇಕೆಂದು ಮನೆಮಂದಿಯೆಲ್ಲ ನನ್ನನ್ನು ಕರೆದರು.

ಮೇಸ್ತ್ರಿ ಒಂದು ಪಟ್ಟಿಯನ್ನೇ ಸಿದ್ಧಪಡಿಸಿದ್ದನು. ಗುಡ್ಡದಿಂದ ಎತ್ತಿ ತರುವ ದೊಡ್ಡ ಗುಂಡುಗಳು ಐದು. ಸಂಡೂರಿನ ಕಡೆಯ ಕೆಂಪು ಮತ್ತು ಕಪ್ಪು ಪಟ್ಟೆಯ ಕಲ್ಲು ಒಂದು ಟ್ರ್ಯಾಕ್ಟರು. ಹೊಳೆಯ ಉರುಟುಕಲ್ಲು ಒಂದು ಟ್ರ್ಯಾಕ್ಟರು. ಪಾಲಿಶ್ ಮಾಡಿದ ಬಿಳಿ ಹರಳುಕಲ್ಲು ಹತ್ತು ಚೀಲ. ಇವುಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಗುಡ್ಡದ ಗುಂಡು, ಎಲ್ಲಕ್ಕಿಂತ ದುಬಾರಿಯಾದದ್ದು ಬಿಳಿಯ ಹರಳು. ಗುಂಡು ಇಷ್ಟು ಅಗ್ಗವೇಕೆಂದು ನಾನು ಕೇಳಿದೆ. "ಗುಡ್ಡದಾಗ ಬಿದ್ದಿರೋ ಕಲ್ಲಿಗೆ ಯಾರು ಕೇಳ್ತಾರ್ರೀ ಸರ್? ಎತ್ತೋ ಕೂಲಿ, ಗಾಡಿ ಬಾಡಿಗೆ, ಅಷ್ಟೇ" ಎಂದನು. ಆ ಉತ್ತರದ ಮೇಲೆಯೇ ಮುಂದಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಚರ್ಚೆ ನಡೆಯಿತು.

ಯಾರೂ ಕೇಳದ ಕಲ್ಲು ಎಂಬುದೊಂದು ಇದೆಯೆ? ಮೊದಲು ಲೌಕಿಕವಾಗಿಯೇ ನೋಡೋಣ. ಕರ್ನಾಟಕದಲ್ಲಿ ಕಟ್ಟಡದ ಕಲ್ಲು, ಅಲಂಕಾರಿಕ ಶಿಲೆ, ಮರಳು ಇವೆಲ್ಲ ಉಪಖನಿಜಗಳು. 1994ರ ಉಪಖನಿಜ ರಿಯಾಯಿತಿ ನಿಯಮಗಳ ಪ್ರಕಾರ ಇವನ್ನು ತೆಗೆಯಲು ಅನುಮತಿ ಬೇಕು, ರಾಜಧನ ಸಲ್ಲಿಸಬೇಕು, ಸಾಗಿಸಲು ಪರವಾನಗಿ ಪತ್ರ ಇರಬೇಕು. ಕಲ್ಲು ಅರಣ್ಯದ ಎಲ್ಲೆಯೊಳಗೆ ಬಿದ್ದಿದ್ದರಂತೂ ಅರಣ್ಯ ಕಾಯಿದೆ ಅದನ್ನು ಜೇನು, ಗೋಂದು, ಸೌದೆಗಳ ಸಾಲಿನಲ್ಲಿಯೇ ಅರಣ್ಯೋತ್ಪನ್ನವೆಂದು ಎಣಿಸುತ್ತದೆ. ಗಾದಿಗನೂರಿಗೆ ದೂರವಲ್ಲದ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗಾಗಿ ಧಾಮವನ್ನು ಘೋಷಿಸಲಾಯಿತು. ಅಲ್ಲಿನ ಕರಡಿ ಮರಿ ಹಾಕುವುದು, ಹಗಲಿನ ಬಿಸಿಲನ್ನು ಕಳೆಯುವುದು ಇಂಥ ಗುಂಡುಗಳ ಸಂದಿನಲ್ಲಿಯೇ. ಮೇಸ್ತ್ರಿಯ ಗುಂಡುಗಳು ಯಾವ ಗುಡ್ಡದವೆಂದು ಮತ್ತೆ ಮತ್ತೆ ಕೇಳಿದರೂ ಅವನು ಕೈಯನ್ನು ಆಕಾಶದತ್ತ ಬೀಸಿ "ಆ ಕಡೆ" ಎಂದನೇ ಹೊರತು ಹೆಸರು ಹೇಳಲಿಲ್ಲ.

ಈ ಗುಂಡುಗಳ ವಿಷಯದಲ್ಲಿ ಒಂದೆರಡು ಮಾತು ಹೆಚ್ಚಾಗಿ ಹೇಳಬೇಕು. ನಮ್ಮ ಭಾಗದವರು ಇವನ್ನು ದಿನವೂ ನೋಡುತ್ತಾ ನೋಡುತ್ತಾ ನೋಡದವರಂತೆ ಆಗಿಬಿಟ್ಟಿದ್ದೇವೆ. ವಾಲಿ ಸುಗ್ರೀವರು ಕಾದಾಡುವಾಗ ಎಸೆದ ಬಂಡೆಗಳೆಂದು ನಮ್ಮ ಊರುಗಳಲ್ಲಿ ಮಕ್ಕಳಿಗೆ ಕಥೆ ಹೇಳುತ್ತಾರೆ. ಭೂಶಾಸ್ತ್ರಜ್ಞರು ಹೇಳುವುದು ಬೇರೆ. ಹಂಪಿಯ ಸುತ್ತಲಿನ ಗ್ರಾನೈಟ್ ಶಿಲೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಆಳದಲ್ಲಿ ಶಿಲಾರಸ ತಣಿದು ಗಟ್ಟಿಯಾದದ್ದು. ಆ ಶಿಲೆ ಅಡ್ಡಕ್ಕೂ ಉದ್ದಕ್ಕೂ ಬಿರಿಯಿತು. ಬಿರುಕುಗಳಲ್ಲಿ ಇಳಿದ ನೀರು ಚೌಕದ ಮೂಲೆಗಳನ್ನು ಮೊದಲು ಕರಗಿಸಿ, ನೆಲದ ಒಳಗೇ ಕಲ್ಲನ್ನು ಉರುಟು ಮಾಡಿತು. ಸುತ್ತಲಿನ ಸಡಿಲ ಮಣ್ಣು ಮಳೆಗೆ ಕೊಚ್ಚಿಹೋದಾಗ ಗುಂಡುಗಳು ಒಂದರ ಮೇಲೊಂದು ಇದ್ದಲ್ಲಿಯೇ ಉಳಿದವು. ಯಾರೂ ಎಸೆದದ್ದಲ್ಲ, ಯಾವ ಭೂಕಂಪವೂ ಉರುಳಿಸಿದ್ದಲ್ಲ. ಕೋಟ್ಯಂತರ ವರ್ಷಗಳಲ್ಲಿ ಒಂದು ಸ್ಥಾನವನ್ನು ಪಡೆದ ವಸ್ತುವನ್ನು ಒಂದು ಬೆಳಗಿನಲ್ಲಿ ಜೆಸಿಬಿ ಯಂತ್ರ ಎತ್ತಿಬಿಡುತ್ತದೆ. ಮತ್ತೆ ಅದನ್ನು ಆ ಸ್ಥಾನದಲ್ಲಿ ಕೂರಿಸಲು ಯಾರಿಂದಲೂ ಆಗದು.

ಎತ್ತಿದಾಗ ಕೆಳಗೆ ಏನಿರುತ್ತದೆ? ತಮ್ಮನ ಮಗಳಿಗೆ ತೋರಿಸಲೆಂದು ನಮ್ಮ ನಿವೇಶನದ ಅಂಚಿನಲ್ಲಿದ್ದ, ಕೈಯಲ್ಲಿ ಎತ್ತಬಹುದಾದ ಒಂದು ಕಲ್ಲನ್ನು ಕೋಲಿನಿಂದ ಮೆಲ್ಲಗೆ ಓರೆ ಮಾಡಿದೆ. ಒಂದು ಜರಿ, ಮೊಟ್ಟೆ ಹೊತ್ತ ಇರುವೆಗಳ ಒಂದು ಸಂಸಾರ, ಮೂಲೆಯಲ್ಲಿ ಬೆನ್ನ ಮೇಲೆ ಮರಿಗಳನ್ನು ಹೊತ್ತ ಒಂದು ಚೇಳು. ಕಲ್ಲನ್ನು ಮೊದಲಿದ್ದಂತೆಯೇ ಇಳಿಸಿದೆ. ಮಗು ಬಹಳ ಹೊತ್ತು ಮಾತನಾಡಲಿಲ್ಲ. ಅಂಗೈಯಗಲದ ಕಲ್ಲಿನ ಕೆಳಗೆ ಇಷ್ಟಾದರೆ, ಆಳೆತ್ತರದ ಗುಂಡಿನ ಕೆಳಗೆ ಮಣ್ಣುಮುಕ್ಕ, ಹಾವುರಾಣಿ, ಓತಿ, ಹಲ್ಲಿಗಳ ಎಷ್ಟು ಮನೆಗಳಿರಬಹುದು! ಇವೆಲ್ಲ ತ್ರಸಜೀವಿಗಳು. ಗೃಹಸ್ಥನ ಅಹಿಂಸಾಣುವ್ರತವು ನೇರವಾಗಿ ಕಾಪಾಡಬೇಕೆಂದು ಹೇಳುವುದು ಇವನ್ನೇ. ಕಲ್ಲಿನ ಮೈಮೇಲೆ ಕಾಣುವ ಬೂದು, ಹಸಿರು, ಕಿತ್ತಳೆ ಬಣ್ಣದ ಮಚ್ಚೆಗಳು ಕಲ್ಲುಹೂವಿನ ಬಳಗದವು. ಅವುಗಳಲ್ಲಿ ಎಷ್ಟೋ ಬಗೆಗಳು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಗಿರಾಕಿಗಳು "ಹಳೆಯ ಕಳೆ ಇರುವ ಕಲ್ಲು ಬೇಕು" ಎಂದು ಬಯಸುವುದು ಈ ಮಚ್ಚೆಗಳನ್ನು ನೋಡಿಯೇ. ಆ ಕಲ್ಲನ್ನು ಅಂಗಳಕ್ಕೆ ತಂದು ಸಾಬೂನಿನ ಪುಡಿ ಹಾಕಿ ಉಜ್ಜಿ ತೊಳೆಯುವವರನ್ನೂ ನಾನು ಕಂಡಿದ್ದೇನೆ.

ಇನ್ನು ಕಲ್ಲಿಗೇ ಬರೋಣ. ಪೃಥ್ವೀಕಾಯಿಕ ಜೀವಗಳನ್ನು ಹೇಳುವಾಗ ಮೂಲಾಚಾರದಲ್ಲಿ ಮಣ್ಣು, ಮರಳು, ಹರಳು, ಕಲ್ಲು, ಬಂಡೆ, ಉಪ್ಪು, ಕಬ್ಬಿಣ, ತಾಮ್ರ ಎಂದು ಮುಂತಾಗಿ ಬಗೆಗಳನ್ನು ಎಣಿಸಿದೆ. ನಮ್ಮ ಕನ್ನಡ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಭೇದವನ್ನು ತೋರಿಸುತ್ತಾರೆ. ಪೃಥ್ವಿ, ಪೃಥ್ವೀಕಾಯ, ಪೃಥ್ವೀಕಾಯಿಕ, ಪೃಥ್ವೀಜೀವ ಎಂಬ ನಾಲ್ಕರಲ್ಲಿ, ಪೃಥ್ವೀಕಾಯವೆಂದರೆ ಜೀವವು ಬಿಟ್ಟುಹೋದ ಶರೀರ. ಸತ್ತ ಮನುಷ್ಯನ ದೇಹ ಹೇಗೋ ಹಾಗೆ. ಅಂಗಡಿಯ ಮುಂದೆ ಚೀಲಗಳಲ್ಲಿ ಮಾರಾಟಕ್ಕಿಟ್ಟ ಕಲ್ಲು ಈ ವರ್ಗದ್ದು. "ಹಾಗಾದರೆ ಅದನ್ನು ಕೊಳ್ಳುವುದರಲ್ಲಿ ದೋಷವಿಲ್ಲವಲ್ಲ, ಭಾವನವರೇ? ನಾವೇನೂ ಅದನ್ನು ಅಗೆಯಲಿಲ್ಲವಲ್ಲ?" ಎಂದು ತಮ್ಮನ ಹೆಂಡತಿ ಕೇಳಿದಳು. ಪ್ರಶ್ನೆ ಚುರುಕಾದದ್ದು. ಕೃತದಲ್ಲಿ ನಾವಿಲ್ಲದಿರಬಹುದು. ಆದರೆ ಕಾರಿತ, ಅನುಮೋದಿತ ಎಂಬ ಇನ್ನೆರಡು ಬಾಗಿಲುಗಳಿವೆಯಲ್ಲ! ಇಂದು ನಾವು ಹತ್ತು ಚೀಲ ಕೊಂಡರೆ ನಾಳೆ ಅಂಗಡಿಯವನು ಇನ್ನು ಹತ್ತಕ್ಕೆ ಹೇಳಿ ಕಳುಹಿಸುತ್ತಾನೆ.

ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳಿದೆ. ಅವುಗಳಲ್ಲಿ ಪ್ರಮಾದಚರ್ಯೆ ಒಂದು. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು, ಸುಮ್ಮನೆ ಅಲೆದಾಡುವುದು ಇವೆಲ್ಲ ಅದರಲ್ಲಿ ಬರುತ್ತವೆ. ಇಲ್ಲಿ ಮುಖ್ಯವಾದ ಮಾತು "ಪ್ರಯೋಜನವಿಲ್ಲದೆ" ಎಂಬುದು. ಅಂದವೂ ಒಂದು ಪ್ರಯೋಜನವೇ ಅಲ್ಲವೆ? ಈ ತರ್ಕವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಅಂದವೆಂದು ಕರೆಯುವುದರಲ್ಲಿ ಎಷ್ಟು ಪಾಲು ನಮ್ಮ ಕಣ್ಣಿಗೆ, ಎಷ್ಟು ಪಾಲು ಬೀದಿಯಲ್ಲಿ ಹೋಗುವವರ ಕಣ್ಣಿಗೆ ಎಂದು ಬೇರ್ಪಡಿಸಿ ನೋಡಿದರೆ ಮಾತ್ರ ತೀರ್ಮಾನ ಸ್ವಲ್ಪ ಸುಲಭವಾಗುತ್ತದೆ.

ನನಗೆ ಇದಕ್ಕಿಂತಲೂ ಹೆಚ್ಚು ಉಪಯುಕ್ತವಾಗಿ ಕಂಡದ್ದು ಅಹಿಂಸೆಯ ಅಧ್ಯಾಯವಲ್ಲ, ಅಚೌರ್ಯದ ಅಧ್ಯಾಯ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು. ಕದ್ದು ತಂದ ವಸ್ತುವನ್ನು ಕೊಳ್ಳುವುದು. ರಾಜ್ಯದ ಕಟ್ಟಳೆಯನ್ನು ಮೀರುವುದು. ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು. ಒಂದನ್ನು ಇನ್ನೊಂದೆಂದು ನಂಬಿಸಿ ಮಾರುವುದು. ಕಲ್ಲಿನ ಮಾರುಕಟ್ಟೆಯಲ್ಲಿ ಅರ್ಧ ದಿನ ಸುತ್ತಾಡಿದರೆ ಈ ಐದೂ ಕಣ್ಣಿಗೆ ಬೀಳುತ್ತವೆ. "ನೀವು ಹ್ಞೂಂ ಅನ್ನಿ, ರಾತ್ರಿ ತಂದು ಹಾಕಿಸ್ತೀನಿ" ಎಂಬುದು ಮೊದಲನೆಯದು. ಪರವಾನಗಿ ಪತ್ರವಿಲ್ಲದೆ ಬಂದ ಗುಂಡು ಎರಡನೆಯದು ಮತ್ತು ಮೂರನೆಯದು. ಟ್ರ್ಯಾಕ್ಟರಿನ ಡಬ್ಬಿಯ ತಳದಲ್ಲಿ ಮಣ್ಣು ತುಂಬಿ ಮೇಲೆ ಕಲ್ಲು ಹರಡುವುದು ನಾಲ್ಕನೆಯದು. ಬಣ್ಣ ಬಳಿದ ಹರಳನ್ನು ಸಹಜ ಕರಿಗಲ್ಲೆಂದು ಮಾರುವುದು ಐದನೆಯದು. ಒದ್ದೆ ಬಟ್ಟೆಯಿಂದ ಒರೆಸಿದರೆ ಅಂಥ ಕಲ್ಲಿನ ಬಣ್ಣ ಬಟ್ಟೆಗೆ ಹತ್ತುತ್ತದೆ.

ಕಾಗದಪತ್ರವಿಲ್ಲದ ಕಲ್ಲು ಎಂದರೆ ಏನೆಂಬುದನ್ನು ನಮ್ಮ ಭಾಗದ ಜನರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊಸಪೇಟೆ, ಸಂಡೂರು, ತೋರಣಗಲ್ಲುಗಳ ನಡುವೆ ಅದಿರಿನ ಲಾರಿಗಳು ಸಾಲುಗಟ್ಟಿ ಓಡಿದ ವರ್ಷಗಳನ್ನು ನಾವು ಕಂಡವರು. ರಸ್ತೆಯ ಪಕ್ಕದ ಬೇವಿನ ಮರಗಳು ಹಸಿರನ್ನು ಕಳೆದುಕೊಂಡು ಕೆಂಪಾಗಿ ನಿಂತಿದ್ದವು. ಒಗೆದು ಹಾಕಿದ ಬಟ್ಟೆ ಸಂಜೆಗೆ ಕಾವಿಯಾಗುತ್ತಿತ್ತು. 2008ರಲ್ಲಿಯೂ 2011ರಲ್ಲಿಯೂ ಲೋಕಾಯುಕ್ತರ ವರದಿಗಳು ಬಂದವು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿ ಆದೇಶಿಸಿತು. ಅನಂತರ ಹಂತಹಂತವಾಗಿ, ಷರತ್ತುಗಳಿಗೆ ಒಳಪಟ್ಟು, ಕೆಲಸ ಮತ್ತೆ ಆರಂಭವಾಯಿತು. ಆ ಅದಿರು ಲಕ್ಷ ಲಕ್ಷ ಟನ್ನುಗಳ ಲೆಕ್ಕ, ನಮ್ಮದು ಐದು ಗುಂಡುಗಳ ಲೆಕ್ಕ ಎಂದು ತಮ್ಮನು ನಕ್ಕನು. ಅವನ ನಗುವಿನಲ್ಲಿ ಸ್ವಲ್ಪ ನಿಜವಿದೆ. ಆದರೂ ಸಂಡೂರಿನ ಆ ಪಟ್ಟೆಕಲ್ಲು ಅದಿರಿನ ಬಳಗದ್ದೇ. ಹಂಪಿಯ ಗ್ರಾನೈಟಿಗಿಂತಲೂ ಹಳೆಯ ಶಿಲೆ ಅದು. ಕಬ್ಬಿಣದ ಪದರ, ಬೆಣಚಿನ ಪದರ ಒಂದರ ಮೇಲೊಂದು ಕೂತು ಸೀರೆಯ ಅಂಚಿನಂತೆ ಕಾಣುತ್ತದೆ. ನಿಜವಾಗಿಯೂ ಚೆಲುವಾದ ಕಲ್ಲು. ಮಾರುವವನಲ್ಲಿ ಅದಕ್ಕೆ ರಸೀದಿ ಮಾತ್ರ ಇರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಹೊಳೆಯ ಉರುಟುಕಲ್ಲಿನ ವಿಷಯವೂ ಹೀಗೆಯೇ. ತುಂಗಭದ್ರೆಯ ದಂಡೆಯಲ್ಲಿ ಬಿದ್ದಿರುವ ಕಲ್ಲು ಎಲ್ಲರಿಗೂ ಸೇರಿದ್ದೆಂಬ ಭಾವನೆ ನಮ್ಮಲ್ಲಿದೆ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ನದಿಯ 34 ಕಿಲೋಮೀಟರು ಉದ್ದವನ್ನು ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಡಲಾಯಿತು. ಬಂಡೆಗಳ ಪೊಟರೆ, ಕಲ್ಲುಗಳ ನಡುವಿನ ಮಡು, ದಂಡೆಯ ಉರುಟುಕಲ್ಲಿನ ಸಂದಿ ಇವೇ ಅವುಗಳ ಸಂಸಾರದ ಸ್ಥಾನಗಳು. ಮೀನು ಮೊಟ್ಟೆಯಿಡುವುದೂ ಇಂಥ ಕಲ್ಲುಗಳ ನಡುವೆಯೇ.

ಬಿಳಿಯ ಹರಳಿನ ಬಗ್ಗೆ ನನಗಿದ್ದ ಅಳುಕು ಬೇರೆ ತರಹದ್ದು. ಬೆಣಚುಕಲ್ಲನ್ನು ಒಡೆದು, ಪೀಪಾಯಿಗಳಲ್ಲಿ ಉರುಳಿಸಿ ನುಣುಪು ಮಾಡುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಬಂದರೆ ಅದನ್ನು ವಾಸಿಮಾಡುವ ಔಷಧಿಯಿಲ್ಲ. ಒಣ ಧೂಳಿನಲ್ಲಿ ಮುಖಕ್ಕೊಂದು ಬಟ್ಟೆ ಕಟ್ಟಿಕೊಂಡು ದುಡಿಯುವವನ ಆಯುಸ್ಸು ಕರಗಿದಷ್ಟು ನಮ್ಮ ಅಂಗಳದ ಹರಳು ಬೆಳ್ಳಗಾಗುತ್ತದೆ ಎಂದು ನಾನು ಹೇಳಿದಾಗ ತಮ್ಮನ ಹೆಂಡತಿ ಪಟ್ಟಿಯನ್ನು ತೆಗೆದುಕೊಂಡು ಆ ಸಾಲನ್ನು ತಾನೇ ಹೊಡೆದುಹಾಕಿದಳು. ಕಲ್ಲು ಒಡೆಯುವವನಿಗೆ ಕೆಲಸ ತಪ್ಪಬೇಕೆಂದು ನನ್ನ ಅಭಿಪ್ರಾಯವಲ್ಲ. ನೀರು ಚಿಮುಕಿಸಿ ಧೂಳು ಅಡಗಿಸುವ ಏರ್ಪಾಡು ಇರುವಲ್ಲಿ ಕೊಳ್ಳಬೇಕೆಂಬುದಷ್ಟೆ. ಅಂಥ ಏರ್ಪಾಡಿದೆಯೇ ಎಂದು ಕೇಳಿದಾಗ ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿದನು.

ಅದೇ ಸುತ್ತಾಟದಲ್ಲಿ ಇನ್ನೊಂದು ಸಂಗತಿ ನಡೆಯಿತು. ಒಬ್ಬ ವ್ಯಾಪಾರಿ ನಮ್ಮನ್ನು ಅಂಗಡಿಯ ಹಿಂಭಾಗಕ್ಕೆ ಕರೆದೊಯ್ದು ಗೋಣಿಚೀಲ ಸರಿಸಿ ಒಂದು ಕಂಬದ ತುಂಡನ್ನು ತೋರಿಸಿದನು. ಹೂಬಳ್ಳಿಯ ಕೆತ್ತನೆ, ಒಂದು ಮಗ್ಗುಲಲ್ಲಿ ಒಡೆದ ಹಂಸ. ಅದರ ಮೇಲೊಂದು ಹೂಕುಂಡ ಇಟ್ಟರೆ ಅಂಗಳಕ್ಕೆ ಅರಮನೆಯ ಕಳೆ ಬರುವುದೆಂದನು. ಹಂಪಿಯು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. ಇಂಥ ನೆಲದಲ್ಲಿ ಹುಟ್ಟಿದವರು ಹಳೆಯ ಕೆತ್ತನೆಯ ಕಲ್ಲನ್ನು ಹೂಕುಂಡದ ಪೀಠ ಮಾಡಿಕೊಳ್ಳುವುದೆಂದರೆ ಏನು ಹೇಳೋಣ! 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಶಾಸನ, ಕಟ್ಟಡದಿಂದ ಬೇರ್ಪಟ್ಟ ಭಾಗ ಎಲ್ಲವೂ ಪ್ರಾಚ್ಯವಸ್ತುವೇ. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ತಮ್ಮನು ಈ ಕಾಯಿದೆಯ ಮಾತನ್ನು ಮೆಲ್ಲಗೆ ಎತ್ತಿದೊಡನೆ ಗೋಣಿಚೀಲ ಮತ್ತೆ ಕಲ್ಲಿನ ಮೇಲೆ ಬಂದಿತು. ಅದು ಸಿಮೆಂಟಿನ ಅಚ್ಚು ಎಂದು ವ್ಯಾಪಾರಿ ಹೇಳತೊಡಗಿದನು. ಸಂಬಂಧಪಟ್ಟ ಇಲಾಖೆಗೆ ತಮ್ಮನು ಮರುದಿನವೇ ಬರೆದು ತಿಳಿಸಿದನು.

ಇಷ್ಟರಲ್ಲಿ ತಮ್ಮನ ಮಗಳಿಗೆ ಬೇಸರ ಬಂದಿತ್ತು. ಒಂದು ಸಂಜೆ ಅವಳು ನೇರವಾಗಿಯೇ ಕೇಳಿದಳು: "ದೊಡ್ಡಪ್ಪ, ಯಾವ ಕಲ್ಲನ್ನು ತೋರಿಸಿದರೂ ಬೇಡ ಅನ್ನುತ್ತೀರಿ. ನಮ್ಮ ಬಸದಿಗಳೆಲ್ಲ ಕಲ್ಲಿನವೇ ಅಲ್ಲವೆ? ಗಾಣಗಿತ್ತಿ ಬಸದಿ ಕಟ್ಟಿಸಿದವರು ಕಲ್ಲು ಆರಿಸಲಿಲ್ಲವೆ?"

ಈ ಪ್ರಶ್ನೆಗೆ ಉತ್ತರ ಹೇಳಲು ನಾನು ಅವಳನ್ನು ಅಲ್ಲಿಗೇ ಕರೆದುಕೊಂಡು ಹೋದೆನು. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಪಕ್ಕದಲ್ಲಿರುವ ಈ ಬಸದಿಯನ್ನು ಎರಡನೆಯ ಹರಿಹರನ ಕಾಲದಲ್ಲಿ, ಶಕವರ್ಷ 1307ರಲ್ಲಿ, ಎಂದರೆ 1385-86ರ ಸುಮಾರಿಗೆ, ದಂಡನಾಯಕ ಇರುಗಪ್ಪನು ಕುಂಥುಜಿನನಾಥನಿಗಾಗಿ ಕಟ್ಟಿಸಿದನು. ಎದುರಿನ ಏಕಶಿಲಾ ಸ್ತಂಭದ ಮೇಲೆ ಸಂಸ್ಕೃತ ಶಾಸನವಿದೆ. ಚೆಲುವಾದ ಶಿಲೆಗಳಿಂದ ಚೈತ್ಯಾಲಯವನ್ನು ಮಾಡಿಸಿದನೆಂಬ ಭಾವ ಅದರಲ್ಲಿದೆ. ಮಗುವಿನ ವಾದಕ್ಕೆ ಶಾಸನವೇ ಸಾಕ್ಷಿಯಾಯಿತು! ಇರುಗಪ್ಪನು ಸೇನಾನಿ ಮಾತ್ರನಲ್ಲ; ನಾನಾರ್ಥರತ್ನಮಾಲೆಯೆಂಬ ಸಂಸ್ಕೃತ ಕೋಶವನ್ನು ರಚಿಸಿದ ವಿದ್ವಾಂಸ. ಅಂಥವನು ಕಲ್ಲನ್ನು ಚೆಲುವೆಂದು ಹೊಗಳಿಸಿ ಬರೆಯಿಸಿದನೆಂದರೆ ಅದು ಬಾಯಿಮಾತಲ್ಲ. ಮುಂದೆ 1426ರಲ್ಲಿ ಇಮ್ಮಡಿ ದೇವರಾಯನು ವಿಜಯನಗರದ ಅಡಕೆ ವೀಳೆಯದ ಅಂಗಡಿಬೀದಿಯಲ್ಲಿ ಪಾರ್ಶ್ವನಾಥನಿಗೆ ಕಟ್ಟಿಸಿದ ಚೈತ್ಯಾಲಯವೂ ಕಲ್ಲಿನದೇ.

ಆದರೆ ಗಾಣಗಿತ್ತಿ ಬಸದಿಯ ಗೋಡೆಗಳನ್ನು ನೋಡಿದವರಿಗೆ ಗೊತ್ತು: ಅಲ್ಲಿ ಕೆತ್ತನೆಯ ಗದ್ದಲವಿಲ್ಲ. ಬೋಳು ಗೋಡೆ, ದಪ್ಪ ಕಂಬ, ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರ. ಬಳಸಿರುವುದು ಸುತ್ತಲಿನ ನೆಲದ ಗ್ರಾನೈಟನ್ನೇ. ಹಂಪಿಯ ಬಂಡೆಗಳ ಮೇಲೆ ಇಂದಿಗೂ ಕಾಣುವ ಸಾಲುಗುಳಿಗಳು ಅಂದಿನ ಕಲ್ಲುಕುಟಿಗರು ಬೆಣೆ ಹೊಡೆಯಲು ತೋಡಿದವು. ಎಷ್ಟು ಬೇಕೋ ಅಷ್ಟನ್ನು ಸೀಳಿಕೊಂಡು ಉಳಿದರ್ಧವನ್ನು ಬಂಡೆಯಲ್ಲಿಯೇ ಬಿಟ್ಟಿರುವುದನ್ನು ಎಷ್ಟೋ ಕಡೆ ಕಾಣಬಹುದು. ಶ್ರವಣಬೆಳಗೊಳದಲ್ಲಿ 981ರಲ್ಲಿ ಚಾವುಂಡರಾಯನು ಗೊಮ್ಮಟೇಶ್ವರನನ್ನು ನಿಲ್ಲಿಸಿದಾಗ ಕಲ್ಲನ್ನು ಬೆಟ್ಟಕ್ಕೆ ತರಲಿಲ್ಲ. ಬೆಟ್ಟದ ನೆತ್ತಿಯ ಕಲ್ಲಿನಲ್ಲಿಯೇ ಮೂರ್ತಿಯನ್ನು ಬಿಡಿಸಿದರು. ಅವರು ಹಿಂಸೆಯೇ ಇಲ್ಲದೆ ಕಟ್ಟಿದರೆಂದು ನಾನು ಹೇಳಲಾರೆ. ರಾಜಧಾನಿ ಕಟ್ಟುವಾಗ ಎಷ್ಟು ಬಂಡೆ ಸೀಳಿದವೋ, ಎಷ್ಟು ಎತ್ತುಗಳ ಹೆಗಲು ಒಡೆಯಿತೋ! ಮಗು ಸ್ತಂಭದ ಬುಡದಲ್ಲಿ ಕುಳಿತು ಬಹಳ ಹೊತ್ತು ನೋಡಿ, "ಇಲ್ಲಿ ಅಂದವಿರುವುದು ಕಲ್ಲಿನ ಬಣ್ಣದಿಂದಲ್ಲ, ಅದನ್ನು ಎಲ್ಲಿ ಇಟ್ಟಿದ್ದಾರೆ ಎಂಬುದರಿಂದ" ಎಂದಳು. ವಾಸ್ತುಶಿಲ್ಪದ ಪಾಠ ಅವಳಿಗೆ ವ್ಯರ್ಥವಾಗಿಲ್ಲವೆಂದು ನನಗೆ ಸಂತೋಷವಾಯಿತು.

ನಿವೇಶನದ ಈಶಾನ್ಯದ ಮೂಲೆಯಲ್ಲಿ ಒಂದು ಗುಂಡು ಮೊದಲಿನಿಂದಲೂ ಇತ್ತು. ಕಾಂಪೌಂಡು ಗೋಡೆಯ ಗೆರೆಗೆ ಅದು ಅಡ್ಡ ಬರುತ್ತಿತ್ತು. ಅದನ್ನು ಕಂಪ್ರೆಸರ್ ತರಿಸಿ ಒಡೆಯುವುದೆಂದು ನಿಶ್ಚಯವಾಗಿತ್ತು. ಹೊರಗಿನಿಂದ ಐದು ಗುಂಡು ತರಿಸಲು ಹೊರಟವರು ಮನೆಯಲ್ಲಿದ್ದ ಒಂದನ್ನು ಒಡೆಯಲು ಹಣ ಕೊಡುತ್ತಿದ್ದರೆಂಬುದು ಅದುವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ಒಡೆಯಲು ಬಂದ ವಯಸ್ಸಾದ ಕಲ್ಲುಕುಟಿಗನು ಅದರ ಸುತ್ತ ಒಂದು ಸುತ್ತು ಬಂದು, ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿ, "ಮ್ಯಾಲೆ ಕಾಣೋದು ಒಂದು ಪಾಲು ಸ್ವಾಮಿ, ಎರಡು ಪಾಲು ನೆಲದಾಗ ಐತಿ. ಒಡಿ ಅಂದ್ರ ಒಡಿತೀನಿ. ಆದ್ರ ಇದು ಇಲ್ಲಿಂದ ಹೋದ್ರ ನಿಮ್ಮ ಗ್ವಾಡಿಗೆ ಈ ಮೂಲ್ಯಾಗ ಇಂಥ ಗಟ್ಟಿ ನೆಲ ಸಿಗೂದಿಲ್ಲ" ಎಂದನು. ಗೋಡೆಯನ್ನು ಅಲ್ಲಿ ಮೂರಡಿ ಒಳಕ್ಕೆ ತೆಗೆದುಕೊಂಡರೆ ಗುಂಡು ಉಳಿಯುತ್ತಿತ್ತು. ಗೋಡೆ ಡೊಂಕಾಗುತ್ತದೆಂದು ತಮ್ಮನಿಗೆ ಸಂಕಟ. ಈಶಾನ್ಯ ಕುಗ್ಗಬಾರದೆಂದು ಬಂಧುಗಳೊಬ್ಬರ ಆಕ್ಷೇಪ. ಕೊಂಡ ನೆಲವನ್ನು ಬೀದಿಗೆ ಬಿಟ್ಟುಕೊಡುವುದೇಕೆಂದು ಮೇಸ್ತ್ರಿಯ ಅಸಮಾಧಾನ. ಮೂರು ದಿನ ಕೆಲಸ ನಿಂತಿತು. ನನ್ನ ಮೇಲೆ ಎಲ್ಲರಿಗೂ ಮುನಿಸು. ತಮ್ಮನು ನನ್ನೊಡನೆ ಮಾತು ಕಡಿಮೆ ಮಾಡಿದನು. ನಮ್ಮಿಬ್ಬರ ನಡುವೆ ಆಸ್ತಿಯ ವಿಷಯದಲ್ಲಿಯೂ ಎಂದೂ ಹೀಗಾಗಿರಲಿಲ್ಲ. ನಾಲ್ಕನೆಯ ದಿನ ಅವನೇ ದಾರ ಹಿಡಿದು ಹೊಸ ಗೆರೆ ಹಾಕಿಸಿದನು. ಈಗ ಗುಂಡು ಗೋಡೆಯ ಹೊರಗೆ ಬೀದಿಯ ಕಡೆಗಿದೆ. ಕಲ್ಲುಕುಟಿಗನಿಗೆ ಒಡೆಯುವ ಕೂಲಿಯನ್ನು ಒಡೆಯದಿದ್ದರೂ ಪೂರ್ತಿ ಕೊಡಲಾಯಿತು. ಅವನು ಕೆಲಸಕ್ಕೆಂದು ಎರಡು ದಿನ ಕಾದಿದ್ದನು.

ಅಂಗಳಕ್ಕೆ ಏನು ಹಾಕಿದೆವು ಎಂದು ವಾಚಕರು ಕೇಳಬಹುದು. ಪಾಯ ತೋಡಿದಾಗ ಬಂದ ಕಲ್ಲು ಒಂದು ಗುಡ್ಡೆಯಾಗಿ ಬಿದ್ದಿತ್ತು. ಮೇಸ್ತ್ರಿ ಅದನ್ನು ಹೊರಗೆ ಸಾಗಿಸಲು ಲೆಕ್ಕ ಹಾಕಿದ್ದನು. ಅದರಲ್ಲಿ ಒಳ್ಳೆಯವನ್ನು ಆರಿಸಿ ಗಿಡಗಳ ಪಾತಿಗೆ ಅಂಚು ಕಟ್ಟಿದೆವು. ನಡೆಯುವ ದಾರಿಗೆ ಪರವಾನಗಿಯುಳ್ಳ ಕಲ್ಲುಗಣಿಯೊಂದರಲ್ಲಿ ಅಳತೆಗೆ ಬಾರದೆ ಬಿದ್ದಿದ್ದ ಚಪ್ಪಡಿಯ ತುಂಡುಗಳನ್ನು ರಸೀದಿ ಪಡೆದು ಕೊಂಡೆವು. ಮಗು ಅವುಗಳನ್ನು ಜೋಡಿಸಿದ ರೀತಿಗೆ ಬಂದವರೆಲ್ಲ ತಲೆದೂಗುತ್ತಾರೆ. ಹರಳು ಹಾಸಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಹರಳಿನ ಹಾಸಿನಲ್ಲಿ ಇರುವೆ, ಜರಿ, ಹುಳಗಳು ಸೇರಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ. ಕಾಲಿಟ್ಟಲ್ಲೆಲ್ಲ ಜೀವ ಸಾಯುತ್ತದೆ. ನೋಡಿ ನಡೆಯಬೇಕೆಂದು ಇಚ್ಛೆಯಿದ್ದರೂ ನೋಡಲಾಗದು. ಪೊರಕೆಯಿಂದ ಗುಡಿಸಲೂ ಆಗದು. ಆಮೇಲೆ ಕಳೆ ಬೆಳೆಯಿತೆಂದು ಕಳೆನಾಶಕ, ಹುಳ ಬಂದವೆಂದು ಕೀಟನಾಶಕ. ಚಪ್ಪಡಿಯ ಮೇಲೆ ಒಂದು ಇರುವೆ ಸರಿದರೂ ಕಾಣುತ್ತದೆ.

ಬಸದಿಗಳ ಜೀರ್ಣೋದ್ಧಾರ ಮಾಡಿಸುತ್ತಿರುವ ಟ್ರಸ್ಟುಗಳ ಹಿರಿಯರಲ್ಲಿ ಈ ಸಂದರ್ಭದಲ್ಲಿ ಒಂದು ವಿನಂತಿಯಿದೆ. ಈಚೆಗೆ ಹಲವು ಕಡೆ ಪ್ರಾಂಗಣದ ಹಳೆಯ ಒರಟು ಚಪ್ಪಡಿಗಳನ್ನು ಕಿತ್ತು ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ಹಾಸಲಾಗುತ್ತಿದೆ. ದಾನಿಗಳ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅಭಿಷೇಕದ ನೀರು ಬಿದ್ದಾಗ ಅದರ ಮೇಲೆ ವೃದ್ಧರು ಜಾ‌ರುತ್ತಾರೆ; ಏಪ್ರಿಲ್ ತಿಂಗಳ ಮಧ್ಯಾಹ್ನ ಕಪ್ಪು ಗ್ರಾನೈಟಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡುವುದು ತಪಸ್ಸೇ ಸರಿ. ಕಿತ್ತ ಹಳೆಯ ಚಪ್ಪಡಿಗಳನ್ನು ಗುತ್ತಿಗೆದಾರರು ಲೋಡಿನ ಲೆಕ್ಕದಲ್ಲಿ ಒಯ್ಯುತ್ತಾರೆ. ಅವು ಮುಂದೆ ಯಾರದೋ ಮನೆಯಂಗಳದಲ್ಲಿ ಅಲಂಕಾರದ ಕಲ್ಲಾಗುತ್ತವೆ. ನಮ್ಮ ನಾಡಿನಲ್ಲಿ ಮೆಟ್ಟಿಲಾಗಿ, ಹಾಸುಗಲ್ಲಾಗಿ, ಒಗೆಯುವ ಕಲ್ಲಾಗಿ ಮಗುಚಿಬಿದ್ದಿದ್ದ ಶಾಸನಗಳು, ನಿಸಿದಿಗಲ್ಲುಗಳು ಎಷ್ಟು ಸಿಕ್ಕಿವೆ ಎಂಬುದನ್ನು ಶಾಸನ ಸಂಪುಟಗಳನ್ನು ತಿರುವಿದವರು ಬಲ್ಲರು. ಆದ್ದರಿಂದ ಒಂದು ಚಪ್ಪಡಿಯನ್ನೂ ಮಗುಚಿ, ನೀರು ಹಾಕಿ ತೊಳೆದು, ಸಂಜೆಯ ಓರೆ ಬಿಸಿಲಿನಲ್ಲಿ ತಳಭಾಗವನ್ನು ನೋಡದೆ ಹೊರಗೆ ಕಳುಹಿಸಬಾರದು. ಅಕ್ಷರವೆಂದು ಅನುಮಾನ ಬಂದರೆ ಉಳಿಯಿಂದಾಗಲಿ ಆಮ್ಲದಿಂದಾಗಲಿ ಸ್ವಚ್ಛಗೊಳಿಸಲು ಹೋಗದೆ, ಒಂದು ಚಿತ್ರ ತೆಗೆದು ರಾಜ್ಯದ ಪುರಾತತ್ತ್ವ ಇಲಾಖೆಗೋ ಮೈಸೂರಿನಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ಶಾಖೆಗೋ ಕಳುಹಿಸಿದರೆ, ಅವರು ಪಡಿಯಚ್ಚು ತೆಗೆದು ಓದುತ್ತಾರೆ.